ನಮ್ಮ ಹೊಲದ ಕಣ್ಣುಬೇನೆಗೆ ನಮ್ಮೂರ ಮಕ್ಕಳೇ ಉತ್ತರ ಹುಡುಕಬೇಕು

ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯ ಬಳಿ ಕಿತ್ತೂರು ಸೀಮೆಯನ್ನು ತಾಗಿ, ಸಂಗೊಳ್ಳಿಯ ಕಡೆಯಿಂದ ಬೈಲಹೊಂಗಲ ತಾಲೂಕನ್ನು ಹಾದು, ನವಿಲುತೀರ್ಥದಲ್ಲಿ ಸವದತ್ತಿಯ ಗುಡ್ಡಗಳ ನಡುವೆ ತುಂಬಿ ನಿಂತು, ಅಲ್ಲಿಂದ ರಾಮದುರ್ಗಕ್ಕೆ ಇಳಿಯುತ್ತಾಳೆ. ನಮ್ಮ ಕಬ್ಬು, ಗೋವಿನಜೋಳ, ಹತ್ತಿ ಎಲ್ಲವೂ ಈ ನೀರು ಮತ್ತು ಎರಿಮಣ್ಣಿನ ಪುಣ್ಯ. ಆದರೆ ಆ ಬೆಳೆಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ದುಡಿಯುವ ನಮ್ಮ ಅವ್ವ, ಅಪ್ಪ, ಕಾಕಾ, ಚಿಗವ್ವಂದಿರ ಕಣ್ಣಿಗೆ ಪ್ರತಿ ಸುಗ್ಗಿಯಲ್ಲೂ ಪೆಟ್ಟು ಬೀಳುತ್ತದೆ. ಅವರಲ್ಲಿ ಕೆಲವರ ಕಣ್ಣು ಮತ್ತೆ ತಿಳಿಯಾಗುವುದೇ ಇಲ್ಲ. ಈ ನಷ್ಟವನ್ನು ಹಣೆಬರಹವೆಂದು ಸಹಿಸಿಕೊಂಡಿದ್ದು ಸಾಕು. ಇದಕ್ಕೆ ಕಾರಣಗಳಿವೆ. ಕಾರಣಗಳನ್ನು ಹುಡುಕಬಹುದು, ಪರೀಕ್ಷಿಸಬಹುದು, ತಡೆಯಬಹುದು. ಆ ಹುಡುಕಾಟಕ್ಕೆ ನಿಮ್ಮನ್ನು ಕರೆಯಲು ಈ ಲೇಖನ ಬರೆಯುತ್ತಿದ್ದೇನೆ. ಪಿಯುಸಿ ವಿಜ್ಞಾನ ಓದುತ್ತಿರುವ ತಂಗಿಯೇ, ಬಿಎಸ್ಸಿ ಮುಗಿಸಿ ಮುಂದೇನು ಎಂದು ಕುಳಿತಿರುವ ತಮ್ಮನೇ, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಎಂಜಿನಿಯರಿಂಗ್ ಹಿಡಿದಿರುವ ಗೆಳೆಯರೇ, ಈ ಮಾತು ನಿಮಗೆ.

ಮೊದಲು ಕಣ್ಣಿನಲ್ಲಿ ನಡೆಯುವುದೇನು ಎಂದು ನೋಡೋಣ. ಕಪ್ಪುಗುಡ್ಡೆಯ ಮುಂದೆ ಪಾರದರ್ಶಕವಾದ ಒಂದು ಪದರವಿದೆ. ಅದೇ ಕಾರ್ನಿಯಾ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಬೆಳಕು ಅಡೆತಡೆಯಿಲ್ಲದೆ ಒಳಗೆ ಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ಆ ಕಾರಣಕ್ಕೇ ಅಲ್ಲಿಗೆ ರೋಗಾಣು ಹೊಕ್ಕರೆ ದೇಹದ ರಕ್ಷಣಾಪಡೆ ಬಂದು ತಲುಪುವುದು ತಡ. ಕಬ್ಬು ಕಡಿಯುವಾಗ, ರವದಿ ಸುಲಿಯುವಾಗ ಎಲೆಯ ಚೂಪಾದ ಅಂಚು ಕಣ್ಣಿಗೆ ಗೀರುತ್ತದೆ. ಜೋಳದ ರಾಶಿ ಮಾಡುವಾಗ ಸುಂಕು ಹಾರಿ ಬೀಳುತ್ತದೆ. ಹತ್ತಿ ಕಟ್ಟಿಗೆ ಕೀಳುವಾಗ ತುದಿ ಚುಚ್ಚುತ್ತದೆ. ಬರೀ ಗೀರು ಆಗಿದ್ದರೆ ಒಂದೆರಡು ದಿನದಲ್ಲಿ ತಾನೇ ಮಾಯುತ್ತದೆ. ಆದರೆ ಎಲೆಯ ಮೇಲೆ, ಮಣ್ಣಿನಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರಗಳ ಬೀಜಕಣಗಳಿರುತ್ತವೆ. ಗೀರಿನ ಬಾಗಿಲಿನಿಂದ ಅವು ಒಳಗೆ ಹೊಕ್ಕರೆ ಕಾರ್ನಿಯಾದಲ್ಲೇ ಬೇರು ಬಿಡುತ್ತವೆ.

ಮೊದಲ ದಿನ ನೀರು ಸುರಿಯುತ್ತದೆ, ಚುಚ್ಚುತ್ತದೆ. ಮನೆಯಲ್ಲಿ ಹಿರಿಯರು ಅಕ್ಕರೆಯಿಂದಲೇ ಹೇಳುತ್ತಾರೆ: "ಏನೂ ಆಗಂಗಿಲ್ಲ, ಎರಡು ಹನಿ ಹರಳೆಣ್ಣಿ ಬಿಡು, ಮುಂಜಾನಿ ಅಂದ್ರ ಕಡಿಮಿ ಆಗತೈತಿ." ಊರಿನಲ್ಲಿ ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವ ಅಜ್ಜಿ ಇದ್ದರೆ ಅಲ್ಲಿಗೆ ಹೋಗುತ್ತಾರೆ. ಮೂರನೆಯ ದಿನ ಕಣ್ಣು ಕೆಂಪೇರಿ ಬೆಳಕು ನೋಡಲಾಗದಂತಾದಾಗ ಅಂಗಡಿಯ ಹನಿ ಬರುತ್ತದೆ. ಆ ಬಾಟಲಿಯಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಇಳಿದು ನೋವು ಕಡಿಮೆಯಾದಂತೆ ತೋರುತ್ತದೆ. ಒಳಗೆ ಮಾತ್ರ ಶಿಲೀಂಧ್ರಕ್ಕೆ ಎದುರಾಳಿಯೇ ಇಲ್ಲದಂತಾಗಿ ಹುಣ್ಣು ಆಳಕ್ಕಿಳಿಯುತ್ತದೆ. ಹಂಗಾಮು ಬಿಟ್ಟು ಹೋದರೆ ಕೂಲಿ ತಪ್ಪುತ್ತದೆ ಎಂದು ಇನ್ನೊಂದು ವಾರ ಕಳೆಯುತ್ತದೆ. ಹುಬ್ಬಳ್ಳಿಗೋ ಬೆಳಗಾವಿಗೋ ಬಸ್ಸು ಹತ್ತುವ ಹೊತ್ತಿಗೆ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಕೂತಿರುತ್ತದೆ. "ಕಣ್ಣಾಗ ಹೂ ಬಿತ್ತು" ಎಂದು ಊರು ಮರುಗುತ್ತದೆ.

ಇದು ನಾಲ್ಕಾರು ಮನೆಗಳ ಕಥೆಯಲ್ಲ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆ ಹೇಳಿದ್ದನ್ನು ಗಮನಿಸಿ. 50 ದಾಟಿದವರಲ್ಲಿ ಕುರುಡಿಗೆ ದೊಡ್ಡ ಕಾರಣ ಪೊರೆ, ಶೇಕಡಾ 66.2. ಆದರೆ 50ರ ಒಳಗಿನವರಲ್ಲಿ ಮೊದಲ ಕಾರಣ ಕಾರ್ನಿಯಾದ ಬಿಳುಪು, ಶೇಕಡಾ 37.5. ಅಂದರೆ ದುಡಿಯುವ ವಯಸ್ಸಿನವರ, ಮಕ್ಕಳನ್ನು ಓದಿಸುವ ವಯಸ್ಸಿನವರ ದೃಷ್ಟಿಯನ್ನು ಕಸಿದುಕೊಳ್ಳುತ್ತಿರುವುದು ಹೆಚ್ಚಾಗಿ ಈ ಕಲೆ. ಪೊರೆಯನ್ನು ತೆಗೆದರೆ ಮಾರನೆಯ ದಿನವೇ ಜಗತ್ತು ಕಾಣುತ್ತದೆ. ಕಾರ್ನಿಯಾದ ಕಲೆ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಅದನ್ನು ಬೀಳದಂತೆ ತಡೆಯುವುದೇ ಜಾಣತನ.

ಪೊರೆಯ ವಿರುದ್ಧದ ಹೋರಾಟವನ್ನು ನಮ್ಮ ಸೀಮೆಯವರೇ ಒಬ್ಬರು ಮುನ್ನಡೆಸಿದರು. ಡಾ. ಎಂ.ಸಿ. ಮೋದಿ ಹುಟ್ಟಿದ್ದು 1916ರಲ್ಲಿ, ಪಕ್ಕದ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ಕುರುಡರು ಆಸ್ಪತ್ರೆ ಹುಡುಕಿಕೊಂಡು ಬರಲಾರರು, ಆಸ್ಪತ್ರೆಯೇ ಅವರ ಬಳಿಗೆ ಹೋಗಬೇಕು ಎಂದು ನಂಬಿ ಅವರು ಊರೂರಿಗೆ ಶಿಬಿರ ಒಯ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. 1993ರ ಫೆಬ್ರುವರಿಯ ಹೊತ್ತಿಗೆ ಅವರು ಮುಟ್ಟಿದ ಹಳ್ಳಿಗಳು 46,120, ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಜನ ಅವರನ್ನು 'ಕಣ್ಣು ಕೊಟ್ಟ ಅಣ್ಣ' ಎಂದರು. ಬೀಳಗಿಯಂಥ ಊರಿನಿಂದ ಹೊರಟ ಒಬ್ಬ ಹುಡುಗ ಇಷ್ಟು ದೂರ ನಡೆದ. ಬೈಲಹೊಂಗಲದಿಂದ, ರಾಮದುರ್ಗದಿಂದ ಹೊರಡುವವರಿಗೆ ದಾರಿ ಇಲ್ಲ ಎಂದು ಯಾರು ಹೇಳಿಯಾರು?

ಆದರೆ ಶಸ್ತ್ರಚಿಕಿತ್ಸೆಯ ಕೈಚಳಕದ ಹಿಂದೆ ಇನ್ನೊಂದು ಶಕ್ತಿ ಕೆಲಸ ಮಾಡಿದೆ. ಅದು ಪ್ರಶ್ನೆ ಕೇಳುವ ಶಕ್ತಿ. ಆ ಶಿಬಿರಗಳ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ದಪ್ಪ ಗಾಜಿನ ಕನ್ನಡಕ ಹಾಕಬೇಕಿತ್ತು. ಇಂದು ನಿಮ್ಮ ಅಜ್ಜಿಯ ಕಣ್ಣೊಳಗೆ ಪುಟ್ಟ ಲೆನ್ಸ್ ಕೂರಿಸುತ್ತಾರೆ. ಅದರ ಮೂಲಕ್ಕೆ ಹೋದರೆ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಸಿಗುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣುಗಳಲ್ಲಿ ಪ್ಲಾಸ್ಟಿಕ್ ಚೂರುಗಳು ಸಿಕ್ಕಿಕೊಂಡಿದ್ದರೂ ಕಣ್ಣು ಅವುಗಳನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ಒಮ್ಮೆ ಅವರು ಪೊರೆ ತೆಗೆಯುವುದನ್ನು ನೋಡುತ್ತ ನಿಂತಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ, ಕೆಟ್ಟ ಲೆನ್ಸ್ ತೆಗೆದ ಜಾಗಕ್ಕೆ ಹೊಸದನ್ನು ಹಾಕಲಾಗುವುದಿಲ್ಲವಲ್ಲ ಎಂದು ಪೇಚಾಡಿದ. ಕಂಡದ್ದೂ ಕೇಳಿದ್ದೂ ಸೇರಿ 1949ರ ನವೆಂಬರಿನಲ್ಲಿ ಮೊದಲ ಕೃತಕ ಲೆನ್ಸ್ ಕಣ್ಣು ಸೇರಿತು. ಹಿರಿಯ ವೈದ್ಯರು ಬಹಳ ಕಾಲ ಅದನ್ನು ವಿರೋಧಿಸಿದರು. ಆದರೂ ಕೆಲಸ ನಿಲ್ಲಲಿಲ್ಲ. 1992ರಲ್ಲಿ ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗ ಆರೊಲ್ಯಾಬ್ ಕಟ್ಟಿ ಲೆನ್ಸ್‌ಗಳನ್ನು ಇಲ್ಲೇ, ಬಡವರ ಕೈಗೆಟುಕುವ ದರದಲ್ಲಿ ತಯಾರಿಸತೊಡಗಿತು. ಪಾಠ ಕೇಳುತ್ತಿದ್ದ ವಿದ್ಯಾರ್ಥಿಯ ಒಂದು ಮಾತಿಗೂ ಇಷ್ಟು ಬಲವಿದೆ. ತರಗತಿಯಲ್ಲಿ ಕೈ ಎತ್ತಲು ಹಿಂಜರಿಯುವವರು ಇದನ್ನು ನೆನಪಿಡಿ.

ಈಗ ನಮ್ಮ ಹೊಲದ ಹುಣ್ಣಿಗೆ ಬರೋಣ. ಇಲ್ಲಿ ಅರ್ಧ ಉತ್ತರ ಸಿಕ್ಕಿದೆ, ಉಳಿದರ್ಧ ನಿಮಗಾಗಿ ಕಾದಿದೆ.

ಸಿಕ್ಕಿರುವ ಉತ್ತರಗಳನ್ನು ನೋಡಿ. ಕಾರ್ನಿಯಾದ ಹುಣ್ಣಿನಿಂದ ನೇತ್ರವೈದ್ಯರು ಚೂರು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿದರೆ, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳು ಕೆಲವೇ ನಿಮಿಷಗಳಲ್ಲಿ ಕಾಣುತ್ತವೆ. ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಬೇಕಿಲ್ಲ. ಮಲೇರಿಯಾ, ಕ್ಷಯ ನೋಡುವ ಸೂಕ್ಷ್ಮದರ್ಶಕವೇ ಸಾಕು. ಚಿಕಿತ್ಸೆಯ ಬಗ್ಗೆ ಅರವಿಂದ ಆಸ್ಪತ್ರೆಗಳ ವೈದ್ಯರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರೊಡನೆ ಸೇರಿ ದೊಡ್ಡ ಪ್ರಯೋಗ ನಡೆಸಿದರು. ಹಳೆಯ ಹನಿ ನ್ಯಾಟಮೈಸಿನ್ ಒಂದು ಕಡೆ, ಹೊಸ ಔಷಧ ವೊರಿಕೊನಝೋಲ್ ಇನ್ನೊಂದು ಕಡೆ. ಒಟ್ಟು 323 ರೋಗಿಗಳು. ಹೊಸದೇ ಗೆಲ್ಲುತ್ತದೆ ಎಂದು ಅನೇಕರು ನಿರೀಕ್ಷಿಸಿದ್ದರು. 2013ರಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಗೆದ್ದದ್ದು ಹಳೆಯ ನ್ಯಾಟಮೈಸಿನ್, ಅದರಲ್ಲೂ ಫ್ಯುಸೇರಿಯಂ ಸೋಂಕಿನಲ್ಲಿ ಸ್ಪಷ್ಟವಾಗಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೊಲಗದ್ದೆಗಳಲ್ಲಿ ದುಡಿದು ಬಂದ ರೋಗಿಗಳು ಪ್ರಯೋಗಕ್ಕೆ ಒಪ್ಪಿದ್ದರಿಂದ ಜಗತ್ತಿಗೆಲ್ಲ ಈ ತಿಳಿವಳಿಕೆ ಸಿಕ್ಕಿತು.

ತಡೆಯುವ ದಾರಿಯನ್ನು ನೇಪಾಳದ ಭಕ್ತಪುರದಲ್ಲಿ ಹುಡುಕಿದರು. ಹಳ್ಳಿಯಲ್ಲೇ ಇರುವ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸಲು ಕಲಿಸಿ, ಗೀರು ಬಿದ್ದವರಿಗೆ ಬೇಗನೆ ಆಂಟಿಬಯಾಟಿಕ್ ಮುಲಾಮು ಹಚ್ಚಿಸಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇಕಡಾ 96ರಷ್ಟು ಮಂದಿಯ ಗೀರು ಹುಣ್ಣಾಗದೆ ಮಾಯಿತು. ಮದುರೈ ಜಿಲ್ಲೆಯಲ್ಲಿ ಮಾಡಿದ ಎಣಿಕೆಯಲ್ಲಿ ವರ್ಷಕ್ಕೆ ಲಕ್ಷಕ್ಕೆ 113 ಮಂದಿಗೆ ಕಾರ್ನಿಯಾ ಹುಣ್ಣಾಗುತ್ತದೆಂದು ತಿಳಿಯಿತು. ಅಮೆರಿಕದ ಒಂದು ಕೌಂಟಿಯ ಲೆಕ್ಕಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟು. ಎಣಿಸಿದ್ದರಿಂದಲೇ ಮದುರೈಯವರು ತಮ್ಮ ಜನರ ಸಂಕಟವನ್ನು ಜಗತ್ತಿನ ಮುಂದೆ ಇಡಬಲ್ಲವರಾದರು.

ಹಾಗಾದರೆ ನಮ್ಮ ನಾಲ್ಕು ತಾಲೂಕುಗಳ ಲೆಕ್ಕ? ಒಂದು ಹಂಗಾಮಿನಲ್ಲಿ ಎಷ್ಟು ಜನ ಕಬ್ಬು ಕಡಿಯುವವರ ಕಣ್ಣಿಗೆ ಗೀರು ಬೀಳುತ್ತದೆ? ಅದರಲ್ಲಿ ಎಷ್ಟು ಹುಣ್ಣಾಗುತ್ತದೆ? ಕಿತ್ತೂರಿನ ಮಳೆಸೀಮೆಯ ಗದ್ದೆಯಲ್ಲಿರುವ ಶಿಲೀಂಧ್ರವೇ ಸವದತ್ತಿಯ ಎರಿಹೊಲದಲ್ಲೂ ಇದೆಯೇ, ಬೇರೆಯೇ? ಪೆಟ್ಟು ಬಿದ್ದ ಗಳಿಗೆಯಿಂದ ಸರಿಯಾದ ಔಷಧ ಸಿಗುವವರೆಗೆ ಎಷ್ಟು ಗಂಟೆ ಹೋಗುತ್ತದೆ, ಎಲ್ಲಿ ಹೋಗುತ್ತದೆ? ಮನೆಯಲ್ಲೋ, ಔಷಧದ ಅಂಗಡಿಯಲ್ಲೋ, ಬಸ್‌ಸ್ಟ್ಯಾಂಡಿನಲ್ಲೋ? ತಾಲೂಕು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ನರಿಗೆ ಶಿಲೀಂಧ್ರದ ಎಳೆ ಗುರುತಿಸಲು ಕಲಿಸಿದರೆ ಎಷ್ಟು ಕಣ್ಣು ಉಳಿಯುತ್ತವೆ? ಬಿಸಿಲಲ್ಲಿ ಬೆವರಿಳಿಯುವಾಗಲೂ ಮಬ್ಬಾಗದ, ಕಡಿಯುವವರು ಮನಸಾರೆ ಹಾಕಿಕೊಳ್ಳುವ ಕಡಿಮೆ ಬೆಲೆಯ ರಕ್ಷಣಾ ಕನ್ನಡಕ ಹೇಗಿರಬೇಕು? ಇವೆಲ್ಲ ಪಿಎಚ್‌ಡಿ ಮಾಡುವಷ್ಟು ಗಟ್ಟಿಯಾದ ಪ್ರಶ್ನೆಗಳು. ಬಾಸ್ಟನ್ನಿನಲ್ಲಿ ಕುಳಿತವರಿಗೆ ಇವು ಹೊಳೆಯುವುದಿಲ್ಲ. ರವದಿ ಸುಲಿದು ಕೈ ಗೀಚಿಕೊಂಡವರಿಗೆ ಹೊಳೆಯುತ್ತವೆ. ನಿಮ್ಮ ಹಳ್ಳಿಯ ಹುಟ್ಟು ನಿಮ್ಮ ಕೊರತೆಯಲ್ಲ. ವಿಜ್ಞಾನದಲ್ಲಿ ಅದೇ ನಿಮ್ಮ ಬಂಡವಾಳ.

ಕಣ್ಣಿನ ಕಸ ತೆಗೆಯುವ ಅಜ್ಜಿಯನ್ನೂ ಈ ಕೆಲಸದಿಂದ ಹೊರಗಿಡಬೇಡಿ. ವೈದ್ಯರಿಲ್ಲದ ಕಾಲದಲ್ಲಿ ಅವರು ಊರಿಗೆ ಆದವರು. ಬಾಯಿಯ ರೋಗಾಣು ಗಾಯದ ಕಣ್ಣಿಗೆ ಹೋಗುವ ಅಪಾಯ ನಿಜ, ಆ ಪದ್ಧತಿ ನಿಲ್ಲಲೇಬೇಕು. ಆದರೆ ಪೆಟ್ಟು ಬಿದ್ದವರು ಮೊದಲು ಓಡುವುದು ಅವರ ಮನೆಗೇ. ಅವರನ್ನು ಗೌರವದಿಂದ ಕಂಡು, "ಆಯಿ, ಕಣ್ಣು ಮುಟ್ಟಬ್ಯಾಡ್ರಿ, ಇವರನ್ನ ಇವತ್ತೇ ದವಾಖಾನಿಗೆ ಕಳಸ್ರಿ" ಎಂದು ಒಪ್ಪಿಸಿದರೆ ಅದೆಷ್ಟು ಗಂಟೆ ಉಳಿಯಬಹುದು! ಇದನ್ನೂ ಅಳೆದು ನೋಡಬಹುದು. ಇಂಥ ಮಾತು ಆಡಲು ನಮ್ಮ ಭಾಷೆ ಬಲ್ಲ, ನಮ್ಮ ಮನೆಯ ಕಟ್ಟೆಯ ಮೇಲೆ ಕೂರಬಲ್ಲ ಸಂಶೋಧಕರೇ ಬೇಕು.

ಹಳ್ಳಿಯಲ್ಲಿ ಮಾಡಿದ ಸಂಶೋಧನೆಯನ್ನು ಜಗತ್ತು ಕೇಳುತ್ತದೆಯೇ ಎಂಬ ಅನುಮಾನ ಬೇಡ. ನಮ್ಮ ಬೆಳಗಾವಿ ಜಿಲ್ಲೆಯೇ ಅದಕ್ಕೆ ಸಾಕ್ಷಿ. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ನೆರವಾಗುತ್ತದೆಯೇ ಎಂದು ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಹಯೋಗಿಗಳೊಡನೆ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷಿಸಿತು. ಮಾತ್ರೆ ಕೊಟ್ಟು ನೋಡಿಕೊಂಡವರು ಹಳ್ಳಿಯ ಎಎನ್‌ಎಂ ಅಕ್ಕಂದಿರು. ಪಾಲ್ಗೊಂಡವರು 1,620 ತಾಯಂದಿರು. ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಜಗತ್ಪ್ರಸಿದ್ಧ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಈ ಉದ್ದೇಶಕ್ಕಾಗಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಫ್ರಿಕದ ಹಳ್ಳಿಯೊಂದರಲ್ಲಿ ಇವತ್ತು ಒಬ್ಬ ತಾಯಿ ಬದುಕುಳಿದರೆ ಅದರಲ್ಲಿ ಬೆಳಗಾವಿ ಜಿಲ್ಲೆಯ ತಾಯಂದಿರ ಪಾಲೂ ಇದೆ. ತಾಯಂದಿರಿಗಾಗಿ ನಾವು ಮಾಡಿದ್ದನ್ನು ಕಣ್ಣಿಗಾಗಿ ಏಕೆ ಮಾಡಬಾರದು?

ಹೊಲ ಬಿಟ್ಟು ಬೇರೆ ಕಡೆಯೂ ಕೆಲಸವಿದೆ. ರಾಮದುರ್ಗ, ಸುರೇಬಾನದ ಮಗ್ಗಗಳ ಮುಂದೆ ಕುಳಿತ ನೇಕಾರರು 40 ದಾಟಿದ ಮೇಲೆ ಎಳೆ ಕಾಣದೆ ತಡವರಿಸುತ್ತಾರೆ. ಅಸ್ಸಾಮಿನ ಚಹಾತೋಟಗಳಲ್ಲಿ 40 ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓದುವ ಕನ್ನಡಕದಂಥ ಸಾದಾ ಕನ್ನಡಕ ಕೊಟ್ಟಿದ್ದಷ್ಟರಿಂದಲೇ ಅವರ ದುಡಿಮೆ ಕನ್ನಡಕ ಸಿಗದವರಿಗಿಂತ ಶೇಕಡಾ 21.7ರಷ್ಟು ಹೆಚ್ಚು ಏರಿತು. ನೇಕಾರರ ವಿಷಯದಲ್ಲಿ ಏನಾಗುತ್ತದೆ? ಒಂದು ಸೀರೆಗೆ ಹಿಡಿಯುವ ಸಮಯ ಎಷ್ಟು ಕಡಿಮೆಯಾಗುತ್ತದೆ, ತಪ್ಪು ಎಷ್ಟು ಇಳಿಯುತ್ತದೆ? ಅಂಕಿ ಕೈಯಲ್ಲಿದ್ದರೆ ಕನ್ನಡಕ ಕೊಡಿ ಎಂದು ಸರ್ಕಾರದ ಮುಂದೆ ಬೇಡುವುದು ಬೇಕಿಲ್ಲ, ಹಕ್ಕಿನಿಂದ ಕೇಳಬಹುದು.

ಸಕ್ಕರೆ ಕಾಯಿಲೆ ಹಳ್ಳಿಗೂ ಬಂದು ಕುಳಿತಿದೆ. ಅದು ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ನೋವಿಲ್ಲ, ಕೆಂಪಿಲ್ಲ. ಮಂಜಾಗುವ ಹೊತ್ತಿಗೆ ತಡವಾಗಿರುತ್ತದೆ. ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗದ ಚಿತ್ರ ತೆಗೆಸಿದರೆ ಮೊದಲೇ ಹಿಡಿಯಬಹುದು. ಆ ಚಿತ್ರಗಳನ್ನು ಓದಲು ಕಂಪ್ಯೂಟರಿಗೆ ಕಲಿಸಿದ 2016ರ ಹೆಸರಾಂತ ಅಧ್ಯಯನದಲ್ಲಿ 1,28,175 ಚಿತ್ರಗಳನ್ನು ಬಳಸಿದರು. ಅದರಲ್ಲಿ ಭಾರತದ ಆಸ್ಪತ್ರೆಗಳ ಚಿತ್ರಗಳೂ ಇದ್ದವು. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿಯ ಎಂಜಿನಿಯರುಗಳು ಹಳ್ಳಿಗೆ ಒಯ್ಯಬಹುದಾದ '3ನೇತ್ರ' ಕ್ಯಾಮೆರಾ ಕಟ್ಟಿದರು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪದವಿ ಹಿಡಿಯುವ ಹುಡುಗ ಹುಡುಗಿಯರೇ, ಇದು ನಿಮ್ಮ ಅಂಗಳ. ಕರೆಂಟು ಹೋಗಿ ಬರುವ ಆರೋಗ್ಯ ಉಪಕೇಂದ್ರದಲ್ಲೂ ಕೆಲಸ ಮಾಡುವ ಉಪಕರಣವನ್ನು ಆ ಉಪಕೇಂದ್ರ ಕಂಡವರು ಕಟ್ಟಬೇಕು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕಣ್ಣಿನ ಒಳಪದರ ಪೂರ್ತಿ ಬೆಳೆದಿರುವುದಿಲ್ಲ. ಅಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದರೆ ಕೆಲವೇ ವಾರಗಳಲ್ಲಿ ಕೂಸು ಜೀವಮಾನವಿಡೀ ಕುರುಡಾಗಬಹುದು. 34 ವಾರ ತುಂಬದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಹುಟ್ಟಿದ 30 ದಿನಗಳೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 'ಕಿಡ್‌ರಾಪ್' ಎಂಬ ಕಾರ್ಯಕ್ರಮ ಆರಂಭಿಸಿ ಊರೂರಿನ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಕಳಿಸಿತು. ಚಿತ್ರ ತೆಗೆದು ಮೊದಲ ಹಂತದಲ್ಲಿ ಗುರುತಿಸುವವರು ತರಬೇತಾದ ತಂತ್ರಜ್ಞರು. ದೂರದಲ್ಲಿರುವ ತಜ್ಞರು ಆ ಚಿತ್ರ ನೋಡಿ ನಿರ್ಧಾರ ಹೇಳುತ್ತಾರೆ. ಕಣ್ಣು ಉಳಿಸಲು ಎಂಬಿಬಿಎಸ್ ಒಂದೇ ಬಾಗಿಲು ಎಂದುಕೊಂಡವರು ಇದನ್ನು ಎರಡು ಸಲ ಓದಿ.

ಇನ್ನೊಂದು ವಿಷಯವನ್ನು ಮನೆಮಗನಂತೆ ಹೇಳುತ್ತೇನೆ, ಬೇಸರ ಬೇಡ. ನಮ್ಮಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಬಹುಕಾಲದ ಪದ್ಧತಿ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಜೊತೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಇರುಳುಗಣ್ಣಿನಿಂದ ಆರಂಭವಾಗಿ ಸುತ್ತಲಿನ ನೋಟ ಕುಗ್ಗುತ್ತ ಹೋಗುವ ರೆಟಿನೈಟಿಸ್ ಪಿಗ್ಮೆಂಟೋಸಾದಂಥ ಕಾಯಿಲೆಗಳ ಹಿಂದೆ ಹಲವು ಸಲ ಇದೇ ಇರುತ್ತದೆ. ಇವಕ್ಕೆ ಮದ್ದೇ ಇಲ್ಲ ಎನ್ನುವ ಕಾಲವಿತ್ತು. 2017ರಲ್ಲಿ ಆರ್‌ಪಿಇ65 ಎಂಬ ಜೀನಿನ ದೋಷಕ್ಕೆ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಬಾಗಿಲು ತೆರೆದಿದೆ. ಆದರೆ ಯಾವ ಮನೆತನದಲ್ಲಿ ಯಾವ ಜೀನಿನ ದೋಷವಿದೆ ಎಂದು ತಿಳಿಯದೆ ಆ ಬಾಗಿಲಲ್ಲಿ ಕಾಲಿಡಲಾಗದು. ವಂಶಾವಳಿ ಬರೆಯುವುದು, ಮನೆಯವರ ಮನಸ್ಸಿಗೆ ನೋವಾಗದಂತೆ ಕೇಳುವುದು, ಮದುವೆಗೆ ಮೊದಲು ತಿಳಿಹೇಳುವುದು, ಇದಕ್ಕೆಲ್ಲ ಬಿಎಸ್ಸಿ, ಎಂಎಸ್ಸಿ ಓದಿದ ನಮ್ಮವರೇ ಬೇಕು.

ದಾರಿಗಳು ಹಲವು. ನೀಟ್ ಬರೆದು ವೈದ್ಯರಾಗಿ ನೇತ್ರಶಾಸ್ತ್ರಕ್ಕೆ ಹೋಗುವುದು ಒಂದು. ಬಿಎಸ್ಸಿ ಆಪ್ಟೊಮೆಟ್ರಿ ಇನ್ನೊಂದು. ನೇತ್ರಾಧಿಕಾರಿಯಾಗಿ ತಾಲೂಕು ಆಸ್ಪತ್ರೆಯಲ್ಲಿ ನಿಂತು ಸಾವಿರಾರು ಕಣ್ಣು ನೋಡಬಹುದು. ಸೂಕ್ಷ್ಮಜೀವಶಾಸ್ತ್ರ ಓದಿದವರು ಶಿಲೀಂಧ್ರಗಳನ್ನು ಬೆಳೆಸಿ ಔಷಧಕ್ಕೆ ಅವು ಬಗ್ಗುತ್ತವೆಯೇ ಎಂದು ಪರೀಕ್ಷಿಸಬಹುದು. ಸಂಖ್ಯಾಶಾಸ್ತ್ರ ಬಲ್ಲವರಿಲ್ಲದೆ ಯಾವ ಪ್ರಯೋಗವೂ ನಡೆಯುವುದಿಲ್ಲ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ಎರಡು ವೈದ್ಯಕೀಯ ಕಾಲೇಜುಗಳಿವೆ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪಾರಂಪರಿಕ ವೈದ್ಯ ಸಂಸ್ಥೆಯಿದೆ. ಎಂಬಿಬಿಎಸ್ ಓದುವಾಗಲೇ ಸಣ್ಣ ಸಂಶೋಧನೆ ಮಾಡಲು ಆ ಪರಿಷತ್ತು ವಿದ್ಯಾರ್ಥಿವೇತನ ಕೊಡುತ್ತದೆ. ಬೈಲಹೊಂಗಲದಿಂದ ಬೆಳಗಾವಿಗೆ ಹೋಗಿ ಬರಲು ಒಂದು ದಿನ ಸಾಕು. ಹೋಗಿ, ಬಾಗಿಲು ತಟ್ಟಿ, ಕೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಇಂಗ್ಲಿಷ್ ಬಾರದು ಎಂದು ಅಂಜುವವರಿದ್ದೀರಿ. ಇಂಗ್ಲಿಷ್ ಎರಡು ಮೂರು ವರ್ಷಗಳಲ್ಲಿ ಬರುತ್ತದೆ. ಆದರೆ ಗ್ಯಾಂಗಿನಲ್ಲಿ ಕಬ್ಬು ಕಡಿಯುವ ಹೆಣ್ಣುಮಗಳು ತನ್ನ ಕಣ್ಣಿನ ಸಂಕಟವನ್ನು ಯಾವ ಮಾತಿನಲ್ಲಿ ಹೇಳುತ್ತಾಳೆ, ಏನನ್ನು ಹೇಳದೆ ಉಳಿಸುತ್ತಾಳೆ ಎಂಬುದು ಹೊರಗಿನವರಿಗೆ ಇಪ್ಪತ್ತು ವರ್ಷವಾದರೂ ಬಾರದು. ಹಣವಿಲ್ಲ ಎನ್ನುವವರೇ, ಎಣಿಕೆಗೆ ಬೇಕಾದದ್ದು ನೋಟುಪುಸ್ತಕ ಮತ್ತು ಪ್ರಾಮಾಣಿಕತೆ. ದೊಡ್ಡ ಹಣ ಒಳ್ಳೆಯ ಪ್ರಶ್ನೆಯ ಬೆನ್ನು ಹತ್ತಿ ಬರುತ್ತದೆ.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ಮನೆಯಲ್ಲಿ ಕಣ್ಣು ತೋರಿಸಲು ಕೊನೆಗೆ ಹೋಗುವವರು ಹೆಂಗಸರು. ಪೊರೆ ಬಂದರೂ, ಪೆಟ್ಟು ಬಿದ್ದರೂ, "ಇರಲಿ ಬಿಡು" ಎಂದು ಒಲೆಯ ಮುಂದೆ ಕೂರುವವರು ಅವರೇ. ಅವರು ಬಾಯಿ ಬಿಡುವುದು ಇನ್ನೊಬ್ಬ ಹೆಣ್ಣಿನ ಮುಂದೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಸೈನ್ಯವನ್ನು ಸೋಲಿಸಿದ ರಾಣಿ ಚನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ಸಂಗೊಳ್ಳಿ ರಾಯಣ್ಣನ ಊರು ಅದೇ ತಾಲೂಕಿನಲ್ಲಿದೆ. ಉತ್ಸವದ ದಿನ ಜಯಕಾರ ಹಾಕಿ ಮರುದಿನ ಮರೆಯುವುದಕ್ಕಲ್ಲ ಆ ನೆನಪು. ತನ್ನ ಜನರಿಗೆ ಆಗುವ ಅನ್ಯಾಯವನ್ನು ದೂರದವರು ಬಂದು ಸರಿಪಡಿಸಲಿ ಎಂದು ಚನ್ನಮ್ಮ ಕಾಯಲಿಲ್ಲ. ನೀವೂ ಕಾಯಬೇಡಿ.

ಈ ವಾರವೇ ಕೆಲಸ ಹಿಡಿಯಿರಿ. ನಿಮ್ಮ ಕಾಲೇಜಿನಲ್ಲಿ ಐದಾರು ಜನ ಸೇರಿ, ಒಬ್ಬ ಅಧ್ಯಾಪಕರನ್ನೂ ಊರಿನ ವೈದ್ಯಾಧಿಕಾರಿಯನ್ನೂ ಜೊತೆಗೆ ಕರೆದುಕೊಳ್ಳಿ. ಈ ಹಂಗಾಮಿನಲ್ಲಿ ನಿಮ್ಮ ಓಣಿಯಲ್ಲಿ ಯಾರಿಗೆ ಕಣ್ಣಿಗೆ ಪೆಟ್ಟು ಬಿತ್ತು, ಯಾವ ಬೆಳೆಯಲ್ಲಿ, ಮೊದಲು ಏನು ಹಾಕಿದರು, ಎಷ್ಟು ಹೊತ್ತಿಗೆ ವೈದ್ಯರನ್ನು ಕಂಡರು ಎಂದು ಒಪ್ಪಿಗೆ ಪಡೆದು ಕೇಳಿ. ಹೆಸರು ಬರೆಯಬೇಡಿ, ಫೋಟೊ ತೆಗೆಯಬೇಡಿ. ಚಿಕಿತ್ಸೆ ನೀವು ಕೊಡಬೇಡಿ, ಅದೇ ದಿನ ನೇತ್ರವೈದ್ಯರ ಬಳಿ ಕಳಿಸಿ. ಔಪಚಾರಿಕ ಅಧ್ಯಯನವಾಗಬೇಕಾದರೆ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು, ಅದನ್ನು ಪಡೆಯುವ ವಿಧಾನವನ್ನು ವೈದ್ಯಕೀಯ ಕಾಲೇಜಿನವರಿಂದ ಕಲಿಯಿರಿ. ಮನೆಮನೆಗೆ ಮೂರು ಮಾತು ಮುಟ್ಟಿಸಿ: ಪೆಟ್ಟು ಬಿದ್ದ ಕಣ್ಣನ್ನು ಉಜ್ಜಬಾರದು, ಎಣ್ಣೆ, ಎದೆಹಾಲು, ಸೊಪ್ಪಿನ ರಸ ಏನನ್ನೂ ಬಿಡಬಾರದು, ವೈದ್ಯರ ಚೀಟಿಯಿಲ್ಲದೆ ಅಂಗಡಿಯ ಹನಿ ಹಾಕಬಾರದು.

ನೇತ್ರದಾನದ ಮಾತನ್ನೂ ಮನೆಯಲ್ಲಿ ಎತ್ತಿ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಮೇಲ್ಪದರ ಕೆಟ್ಟವರಿಗೆ ಮೇಲ್ಪದರ, ಒಳಪದರ ಕೆಟ್ಟವರಿಗೆ ಒಳಪದರ. ಅಷ್ಟು ತೆಳ್ಳಗಿನ ಪದರವನ್ನು ಬಿಡಿಸಲು ಸಾಧ್ಯವಾದದ್ದು ವರ್ಷಗಟ್ಟಲೆ ನಡೆದ ಸಂಶೋಧನೆಯಿಂದ. ದಾನಿಯ ಔದಾರ್ಯವನ್ನು ವಿಜ್ಞಾನ ಇಮ್ಮಡಿ ಮಾಡಿತು. ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು, ಪೊರೆಯ ಶಸ್ತ್ರಚಿಕಿತ್ಸೆಯಾದವರು ಕೂಡ ಕಣ್ಣು ಕೊಡಬಹುದು. ಸಾವು ಸಂಭವಿಸಿದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ ನೇತ್ರಭಂಡಾರಕ್ಕೆ ಕೂಡಲೇ ತಿಳಿಸಬೇಕು, ಅಷ್ಟರವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಅರಳೆಯಿಡಬೇಕು, ಫ್ಯಾನ್ ಆರಿಸಬೇಕು. ಮನೆಯಲ್ಲಿ ದುಃಖ ಮಡುಗಟ್ಟಿದ ಹೊತ್ತಿನಲ್ಲಿ ಈ ಮಾತು ಎತ್ತುವ ಗಟ್ಟಿತನ ತೋರುವುದು ಸಾಮಾನ್ಯವಾಗಿ ಮನೆಯ ಓದಿದ ಮಗನೋ ಮಗಳೋ.

ಕಾರ್ನಿಯಾದ ಹುಣ್ಣಿನ ಬಗ್ಗೆ ಇವತ್ತು ಜಗತ್ತಿನ ಯಾವ ವೈದ್ಯ ಓದಿದರೂ ಮದುರೈ, ಭಕ್ತಪುರ ಎಂಬ ಹೆಸರುಗಳು ಎದುರಾಗುತ್ತವೆ. ಅಲ್ಲಿನ ಹೊಲಗಳೂ ನಮ್ಮಂಥವೇ, ಅಲ್ಲಿನ ಕೈಗಳೂ ನಮ್ಮಂಥವೇ. ಅಲ್ಲಿ ಯಾರೋ ಕೆಲವರು ತಮ್ಮ ಜನರ ಕಣ್ಣನ್ನು ಎಣಿಸಲು, ಪರೀಕ್ಷಿಸಲು, ಬರೆದಿಡಲು ಎದ್ದು ನಿಂತರು, ಅಷ್ಟೆ. ಮುಂದಿನ ಪುಟದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಅಚ್ಚಾಗಬೇಕು. ಅದರ ಕೆಳಗೆ ನಿಮ್ಮ ಹೆಸರಿರಬೇಕು. ಏಳಿ, ಪುಸ್ತಕ ಹಿಡಿಯಿರಿ, ಮೊದಲ ಪ್ರಶ್ನೆ ಬರೆಯಿರಿ.